ಕಾಫಿ ಗಿಡದ ಸೌಟು ಮತ್ತು ಹುಳದ ತೂತು

ನಮ್ಮದು ಸೋಮವಾರಪೇಟೆ ಕಡೆ ಅರೇಬಿಕಾ ತೋಟ. ಅರೇಬಿಕಾ ಅಂದ ಮೇಲೆ ಬಿಳಿ ಕಾಂಡಕೊರಕ ಹುಳದ ಕಾಟ ಇದ್ದದ್ದೇ. ಹುಳ ಬಿದ್ದ ಗಿಡವನ್ನು ಬುಡಸಮೇತ ಕಿತ್ತು ಸುಡುತ್ತೇವೆ. ಆ ರಾಶಿಯಿಂದ ದಪ್ಪ ಬುಡಗಳನ್ನು ಆರಿಸಿ ತಂದು ಸೌಟು, ಚಮಚ ಕೆತ್ತಲು ಶುರು ಮಾಡಿದೆ. ಕಾಫಿ ಮರ ಗಟ್ಟಿ, ಉಜ್ಜಿದರೆ ಒಳ್ಳೆ ನುಣುಪು ಬರುತ್ತದೆ. "ಹುಳ ಹೊಡೆದದ್ದು ಬೆಂಕಿಗೆ ಹಾಕೋಕೆ, ಮನೆಗೆ ತರೋಕಲ್ಲ ಮಾರಾಯ" ಅಂತ ಅಪ್ಪ ಬೈದರು. ನಾನು ಕೇಳಲಿಲ್ಲ.

ಪಕ್ಕದ ಹೋಂಸ್ಟೇಗೆ ಬಂದವರೊಬ್ಬರು ನಾಲ್ಕು ಚಮಚ ಕೊಂಡರು. ಅವರ ತಂಗಿ ಆಸ್ಟ್ರೇಲಿಯಾದಿಂದ ಆರು ಸೌಟು ಬೇಕು ಅಂದರು. ನನ್ನ ರಫ್ತು ವ್ಯಾಪಾರ ಶುರುವಾಗಿದ್ದು ಹೀಗೆ.

ಕಾಗದದ ಕೆಲಸ ಅಂದುಕೊಂಡಷ್ಟು ಕಷ್ಟ ಇರಲಿಲ್ಲ. ಐಇಸಿ ಅಂದರೆ ಆಮದು-ರಫ್ತು ಕೋಡ್, ಆನ್‌ಲೈನ್‌ನಲ್ಲೇ ಸಿಗುತ್ತದೆ. ಶುಲ್ಕ 500 ರೂಪಾಯಿ, ಪಾನ್ ಸಂಖ್ಯೆಯೇ ಕೋಡ್. ಅಂಚೆಯ ರಫ್ತು ಬಿಲ್ಲಿನಲ್ಲಿ ಎಚ್‌ಎಸ್ ಕೋಡ್, ಅಂದರೆ ಸಾಮಾನು ಯಾವ ಬಗೆಯದು ಅಂತ ಗುರುತಿಸುವ ಸಂಖ್ಯೆ ಕೇಳುತ್ತಾರೆ. ಮರದ ಅಡುಗೆ ಸಾಮಾನಿಗೆ ಅದು 4419ರಿಂದ ಶುರುವಾಗುತ್ತದೆ. "ಗಿಫ್ಟ್ ಅಂತ ಬರೆದುಬಿಡಿ, ತೆರಿಗೆ ಉಳಿಯುತ್ತೆ" ಅನ್ನುವ ಗಿರಾಕಿಗಳೂ ಇದ್ದಾರೆ. ದುಡ್ಡು ತಗೊಂಡು ಕಳಿಸೋದು ಗಿಫ್ಟ್ ಹೇಗಾಗುತ್ತೆ? ನಾನು ಬರೆಯುವುದಿಲ್ಲ.

ಪೆಟ್ಟು ಬಿದ್ದಿದ್ದು ಆ ಮೊದಲ ಪಾರ್ಸೆಲ್‌ನಲ್ಲೇ. ಪಾರ್ಸೆಲ್ ಮೇಲಿನ ಚೀಟಿಯಲ್ಲಿ ಸುಮ್ನೆ 'ಮರದ ಸಾಮಾನು' ಅಂತ ಬರೆದಿದ್ದೆ. ಒಂದು ಸೌಟಿನ ಹಿಡಿಯಲ್ಲಿ ಅಂದಕ್ಕೆ ಅಂತ ತೊಗಟೆ ಬಿಟ್ಟಿದ್ದೆ. ಇನ್ನೊಂದರಲ್ಲಿ ಹುಳದ ತೂತಿಗೆ ಮೇಣ ತುಂಬಿದ್ದೆ. ಆಸ್ಟ್ರೇಲಿಯಾದವರಿಗೆ ತೊಗಟೆ, ಮಣ್ಣು, ಮರಹುಳ ಅಂದರೆ ಆಗದು. ಗಡಿಯಲ್ಲೇ ತಡೆದು, ಖರ್ಚು ಕೊಟ್ಟರೆ ಔಷಧಿ ಹೊಗೆ ಹಾಕುತ್ತೇವೆ, ಇಲ್ಲ ನಾಶ ಮಾಡುತ್ತೇವೆ ಅಂದರು. ಸೌಟಿನ ಬೆಲೆಗಿಂತ ಆ ಖರ್ಚೇ ಜಾಸ್ತಿ. ನಾಶ ಮಾಡಿ ಅಂದೆ, ಗಿರಾಕಿಗೆ ದುಡ್ಡು ವಾಪಸ್ ಕೊಟ್ಟೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ನಾನೂ ಅದನ್ನೇ ಹೇಳಿದ್ದಲ್ವಾ? ಪುಕ್ಕಟೆ ಹೇಳಿದ್ದೆ" ಅಂದರು.

ಈಗ ಹುಳ ಬಿದ್ದ ಗಿಡ ಮುಟ್ಟುವುದಿಲ್ಲ. ಮರುನಾಟಿಗೆ ಅಂತ ತೆಗೆದ ಗಟ್ಟಿ ಹಳೇ ಗಿಡ ಮಾತ್ರ. ತೊಗಟೆ ಪೂರ್ತಿ ಕೆರೆದು, ತುದಿಗಳಿಗೆ ಮೇಣ ಬಳಿದು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಎರಡು ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತೇನೆ. ತೂಕ ಇಳಿಯುವುದು ನಿಂತ ಮೇಲೇ ಕತ್ತಿ ಹಿಡಿಯುವುದು. ಕಕ್ಕಡ ತಿಂಗಳ ಮಳೆಯಲ್ಲಿ ಅವಸರ ಮಾಡಿ ಕೆತ್ತಿದ ಒಂದು ಚಮಚ ಕೆನಡಾದ ಹೀಟರ್ ಮನೆಗೆ ಹೋಗಿ ಉದ್ದಕ್ಕೆ ಸೀಳಿತ್ತು. ಇಲ್ಲಿ ಬೂಸ್ಟು, ಅಲ್ಲಿ ಬಿರುಕು.

ಚಂದದ ಮರದ ಪೆಟ್ಟಿಗೆಯಲ್ಲಿ ಕಳಿಸುವ ಆಸೆಯನ್ನೂ ಬಿಟ್ಟೆ. ಸಂಸ್ಕರಿಸದ ಮರದ ಪ್ಯಾಕಿಂಗ್ ಆದರೆ ಹುಳ ಸಾಯುವಂತೆ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿಯೋ ಔಷಧಿ ಹೊಗೆ ಹಾಕಿಯೋ ಮುದ್ರೆ ಹಾಕಿಸಿರಬೇಕು. ರಟ್ಟಿನ ಡಬ್ಬಕ್ಕೆ ಆ ರಗಳೆ ಇಲ್ಲ. ಚೀಟಿಯಲ್ಲಿ ಈಗ 'ಕಾಫಿ ಮರದ ಕೈಕೆತ್ತನೆ ಸೌಟು, ತೊಗಟೆ ಇಲ್ಲ, ಎಣ್ಣೆ ಹಚ್ಚಿದೆ' ಅಂತ ಇಂಗ್ಲಿಷಿನಲ್ಲಿ ಪೂರ್ತಿ ಬರೆಯುತ್ತೇನೆ.

2025ರ ಆಗಸ್ಟ್ 29ರಿಂದ ಅಮೆರಿಕದಲ್ಲಿ 800 ಡಾಲರ್‌ವರೆಗಿನ ಸಾಮಾನಿಗೆ ಇದ್ದ ಸುಂಕ ವಿನಾಯಿತಿ ಹೋಯಿತು. ಸ್ವಲ್ಪ ದಿನ ಅಂಚೆಯಲ್ಲಿ ಆ ಕಡೆಗೆ ಪಾರ್ಸೆಲ್ಲೇ ತಗೊಳ್ಳಲಿಲ್ಲ. ಅಲ್ಲಿಗೆ ಅಂತ ಕೆತ್ತಿದ್ದ ಎಂಟು ಸೌಟು ಅಟ್ಟದಲ್ಲೇ ಉಳಿದವು. ಅದರಲ್ಲೊಂದನ್ನು ಅಮ್ಮ ಸಾರಿಗೆ ಹಾಕಿಕೊಂಡಿದ್ದಾರೆ. ವಾಪಸ್ ಕೇಳಲು ಧೈರ್ಯ ಇಲ್ಲ.