ದುಬೈ ಎಷ್ಟು ದೂರ? ಕ್ಲಾಸಿನಲ್ಲಿ ಹಾಕಿದ ಲೆಕ್ಕ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿಕೊಡುವವನಿಗೆ ವಿಮಾನದ ಉದಾಹರಣೆ ಹುಡುಕುವ ಕಷ್ಟ ಇಲ್ಲ. ಅಪ್ಪನೋ ಮಾವನೋ ಗಲ್ಫಿನಲ್ಲಿರುವ ಮಕ್ಕಳು ಕ್ಲಾಸಿನಲ್ಲಿ ಇದ್ದೇ ಇರುತ್ತಾರೆ. ಹಾಗಾಗಿ ಮಂಗಳೂರು–ದುಬೈ ದೂರವನ್ನೇ ಹಿಡಿದೆವು.

ಮೊದಲು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬೇಕು. ಫೋನಿನ ಮ್ಯಾಪಿನಲ್ಲಿ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಸಿಗುತ್ತದೆ. ಮಂಗಳೂರು 12.96 ಉತ್ತರ, 74.89 ಪೂರ್ವ. ದುಬೈ 25.25 ಉತ್ತರ, 55.36 ಪೂರ್ವ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ. ಎಂದು ಹೇಳಿದ್ದೇ ತಡ, ಮಕ್ಕಳು ಪೈಥಾಗೊರಸ್ ಹಾಕಿ 2,566 ಕಿ.ಮೀ. ಎಂದರು.

ಇದು ಜಾಸ್ತಿಯಾಯಿತು. ಧ್ರುವದ ಕಡೆ ಹೋದಷ್ಟೂ ರೇಖಾಂಶದ ಗೆರೆಗಳು ಕಿತ್ತಳೆಯ ತೊಳೆಗಳ ಹಾಗೆ ಹತ್ತಿರ ಬರುತ್ತವೆ, ಅಲ್ವಾ? ಪೂರ್ವ–ಪಶ್ಚಿಮದ ದೂರವನ್ನು ಸರಾಸರಿ ಅಕ್ಷಾಂಶದ, ಅಂದರೆ 19.1 ಡಿಗ್ರಿಯ, ಕೊಸೈನಿನಿಂದ (ಕ್ಯಾಲ್ಕುಲೇಟರಿನ cos) ಗುಣಿಸಲು ಹೇಳಿದೆ. ಉತ್ತರ 2,466ಕ್ಕೆ ಇಳಿಯಿತು.

"ಸರ್, ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೂ ಹೀಗೇ ಬರ್ತದಾ?"

ಬರುವುದಿಲ್ಲ. ಅಷ್ಟು ದೂರಕ್ಕೆ ಗೋಳದ ಸೂತ್ರವೇ ಬೇಕು. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಬದಿಗಿಡಿ. ಆಮೇಲೆ ಅವೇ ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶದ ವ್ಯತ್ಯಾಸದ ಕೊಸೈನನ್ನೂ ಒಟ್ಟಿಗೆ ಗುಣಿಸಿ. ಎರಡನ್ನೂ ಕೂಡಿಸಿ. ಆ ಮೊತ್ತ ಯಾವ ಕೋನದ ಕೊಸೈನೋ, ಅದೇ ಭೂಮಿಯ ಕೇಂದ್ರದಲ್ಲಿ ಎರಡು ಊರುಗಳ ನಡುವಿನ ಕೋನ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೇ ನೋಡಿಕೊಳ್ಳಿ, ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದ್ದರೆ ಕಥೆ ಮುಗಿಯಿತು.

ಬೆಂಗಳೂರು 13.20 ಉತ್ತರ, 77.71 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೋ 37.62 ಉತ್ತರ, 122.37 ಪಶ್ಚಿಮ. ಪಶ್ಚಿಮಕ್ಕೆ ಮೈನಸ್ ಹಾಕಬೇಕು, ಹಾಗಾಗಿ ವ್ಯತ್ಯಾಸ 200.08. ಮೊದಲ ಭಾಗ 0.139, ಎರಡನೆಯದು ಮೈನಸ್ 0.724. ಕೂಡಿಸಿದರೆ ಮೈನಸ್ 0.585. ಕೋನ 125.8 ಡಿಗ್ರಿ, ಅದನ್ನು 111.2ರಿಂದ ಗುಣಿಸಿದರೆ ದೂರ ಸುಮಾರು 13,990 ಕಿ.ಮೀ. ಇದೇ ಸೂತ್ರ ದುಬೈಗೆ 2,460 ಕೊಡುತ್ತದೆ. ಹತ್ತಿರದ ಊರಿಗೆ ಸುಲಭದ ದಾರಿಯೇ ಸಾಕು ಎಂಬುದು ನನ್ನ ಅಭಿಪ್ರಾಯ.

ಕೆಲವರಿಗೆ ನಂಬಿಕೆ ಬರಲಿಲ್ಲ. ಶಾಲೆಯ ಗ್ಲೋಬ್ ತಂದು ಎರಡು ಊರುಗಳ ನಡುವೆ ನೂಲು ಬಿಗಿಯಾಗಿ ಎಳೆಸಿದೆ. ನೂಲು ಪೆಸಿಫಿಕ್ ಸಾಗರವನ್ನು ಅಡ್ಡ ದಾಟಲೇ ಇಲ್ಲ. ಚೀನಾ, ಸೈಬೀರಿಯಾ ದಾಟಿ ಆರ್ಕ್ಟಿಕ್ ಸಮುದ್ರ ಮುಟ್ಟಿ ಅಲಾಸ್ಕಾ ಮೇಲಿಂದ ಇಳಿಯಿತು. ಗೋಡೆಯ ನಕ್ಷೆ ನೋಡಿ ಬೆಳೆದವರಿಗೆ ಇದು ವಿಚಿತ್ರವೇ ಮಾರಾಯ್ರೆ! ಅದೇ ನೂಲನ್ನು ಭೂಮಧ್ಯರೇಖೆಯ ಮೇಲಿಟ್ಟು ಹೋಲಿಸಿದರೆ ಇಡೀ ಸುತ್ತಿನ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ. ಇಡೀ ಸುತ್ತು 40,075 ಕಿ.ಮೀ., ಲೆಕ್ಕ ಸರಿ ಹೊಂದಿತು.

ಇದು ಅತಿ ಕಡಿಮೆ ದೂರ ಅಷ್ಟೆ. ವಿಮಾನ ಹೀಗೇ ಹಾರಬೇಕೆಂದಿಲ್ಲ. ಗಾಳಿ, ಹವೆ, ಯಾವ ದೇಶದ ಆಕಾಶ ತೆರೆದಿದೆ ಎಂಬುದನ್ನೆಲ್ಲ ನೋಡುತ್ತಾರೆ. ಸೂತ್ರದ ದಾರಿ 71 ಡಿಗ್ರಿ ಉತ್ತರದವರೆಗೆ ಮಾತ್ರ ಹೋಗುತ್ತದೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತಂದ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆಯೇ ಹಾರಿ ಬಂತು.