ವಾರ್ಡಿನಿಂದ ಪುಸ್ತಕಕ್ಕೆ: ನನ್ನ ಎಂಬಿಬಿಎಸ್ ಓದು

ಡೊಂಬಿವಲಿಯ ನಮ್ಮ ಕನ್ನಡಿಗರ ಮನೆಗಳಿಂದ ವೈದ್ಯಕೀಯ ಕಾಲೇಜು ಸೇರಿದ ಮಕ್ಕಳು, ಪರೀಕ್ಷೆಗೆ ಹೇಗೆ ಓದಿದಿರಿ ಎಂದು ನನ್ನನ್ನು ಕೇಳುವುದುಂಟು. ನಾನು ಓದಿದ್ದು ಮುಂಬೈಯ ಪರೇಲಿನ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ. 1926ರಲ್ಲಿ ಆರಂಭವಾದ ಆ ಕಾಲೇಜೂ ಕೆಇಎಂ ಆಸ್ಪತ್ರೆಯೂ ಒಂದೇ ಆವರಣದಲ್ಲಿರುವುದರಿಂದ, ಪಾಠದಲ್ಲಿ ಕೇಳಿದ ಕಾಯಿಲೆಯನ್ನು ವಾರ್ಡಿನಲ್ಲಿ ಹುಡುಕಿಕೊಂಡು ಹೋಗುವ ಅನುಕೂಲ ನನಗಿತ್ತು. ನನ್ನ ಓದಿನ ರೀತಿ ರೂಪುಗೊಂಡದ್ದು ಅದರಿಂದಲೇ.

ಮೊದಲ ವರ್ಷದಲ್ಲಿ ಮಾತ್ರ ರೋಗಿಗಳ ಒಡನಾಟ ಕಡಿಮೆ. ಅನಾಟಮಿಯಲ್ಲಿ ಬ್ರೇಕಿಯಲ್ ಪ್ಲೆಕ್ಸಸ್ ಎಂಬ ತೋಳಿನ ನರಜಾಲವನ್ನು, ಅಂದರೆ ಬೆನ್ನುಹುರಿಯಿಂದ ಹೊರಡುವ ಸಿ5ರಿಂದ ಟಿ1ರವರೆಗಿನ 5 ನರದ ಬೇರುಗಳು 3 ಟ್ರಂಕ್‌ಗಳಾಗಿ (ಕಾಂಡಗಳಾಗಿ) ಕೂಡಿ, 6 ಕವಲುಗಳಾಗಿ ಒಡೆದು, ಮತ್ತೆ 3 ಕಾರ್ಡ್‌ಗಳಾಗುವುದನ್ನು (ಹುರಿಗಳಾಗುವುದನ್ನು), ಪುಸ್ತಕ ಮುಚ್ಚಿಟ್ಟು ಖಾಲಿ ಹಾಳೆಯ ಮೇಲೆ ಬಿಡಿಸುತ್ತಿದ್ದೆ. ಕೈ ಎಲ್ಲಿ ನಿಲ್ಲುತ್ತಿತ್ತೋ ಆ ಭಾಗವನ್ನು ಡಿಸೆಕ್ಷನ್ ಹಾಲ್‌ನಲ್ಲಿ ನೋಡಿ ಖಚಿತಪಡಿಸಿಕೊಂಡು, ಕೆಲವು ದಿನ ಬಿಟ್ಟು ಇಡೀ ಚಿತ್ರವನ್ನು ಮತ್ತೆ ಬರೆಯುತ್ತಿದ್ದೆ. ಬಣ್ಣದ ಪೆನ್ನುಗಳಿಂದ ಪುಟ ಸಿಂಗರಿಸಿದರೆ ಓದಿದ ಸಮಾಧಾನ ಸಿಗುತ್ತದೆ, ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಉತ್ತರ ಸಿಗುವುದಿಲ್ಲ.

ಮೆಡಿಸಿನ್ ಪೋಸ್ಟಿಂಗ್‌ನಲ್ಲಿ, ಅಂದರೆ ಆ ವಿಭಾಗದ ವಾರ್ಡಿನಲ್ಲಿ ಕಲಿಯುವ ಸರದಿಯಲ್ಲಿ, ಕಲಬುರಗಿ ಕಡೆಯ ಹೆಂಗಸೊಬ್ಬರು ದಾಖಲಾಗಿದ್ದರು. ಮರಾಠಿಯ ಪ್ರಶ್ನೆಗಳಿಗೆಲ್ಲ ಸುಮ್ಮನೆ ತಲೆಯಾಡಿಸುತ್ತಿದ್ದವರು, "ಅಕ್ಕಾ, ಏನ್ ತ್ರಾಸ ಅದರೀ?" ಎಂದು ನಾನು ಕೇಳಿದೊಡನೆ, ನಾಲ್ಕು ಮೆಟ್ಟಿಲು ಏರಿದರೆ ದಮ್ಮು ಹತ್ತುವುದನ್ನೂ ಚಿಕ್ಕಂದಿನಲ್ಲಿ ಒಂದಾದ ಮೇಲೊಂದು ಕೀಲು ಬಾತು ಜ್ವರ ಬಂದದ್ದನ್ನೂ ಹೇಳಿದರು. ಎಡಮಗ್ಗುಲಿಗೆ ಮಲಗಿಸಿ, ಹೃದಯದ ತುದಿಯ ಮೇಲೆ ಸ್ಟೆತೊಸ್ಕೋಪಿನ ಬೆಲ್ ಇಟ್ಟಾಗ ಮೈಟ್ರಲ್ ಸ್ಟೆನೋಸಿಸ್ ಎಂಬ, ಹೃದಯದ ಎಡಭಾಗದ ಕವಾಟ ಕಿರಿದಾಗುವ ಕಾಯಿಲೆಯ ತಗ್ಗುದನಿಯ ಮರ್ಮರ್ (ರಕ್ತದ ಹರಿವಿನ ಅಸಹಜ ಸದ್ದು) ಕೇಳಿಸಿತು. ಅಂದು ಸಂಜೆ ಆ ಒಬ್ಬರನ್ನೇ ಮುಂದಿಟ್ಟುಕೊಂಡು ಓದಿದೆ: ಸ್ಟ್ರೆಪ್ಟೊಕಾಕಸ್‌ನಿಂದ ಬರುವ ಗಂಟಲುಬೇನೆ, ಅದರ ವಿರುದ್ಧ ಎದ್ದ ದೇಹದ ರಕ್ಷಣೆಯೇ ತಿರುಗಿ ಕೀಲುಗಳನ್ನು ಬಾಧಿಸಿ ಹೃದಯದ ಕವಾಟವನ್ನು ಕೆಡಿಸುವ ಬಗೆ, ಕವಾಟ ಕಿರಿದಾದಂತೆ ಎಡ ಏಟ್ರಿಯಮ್ಮಿನಲ್ಲಿ (ಹೃದಯದ ಮೇಲಿನ ಎಡ ಕೋಣೆಯಲ್ಲಿ) ಒತ್ತಡ ಏರಿ ಶ್ವಾಸಕೋಶದಲ್ಲಿ ರಕ್ತ ಕಟ್ಟಿಕೊಳ್ಳುವುದು, ಜ್ವರ ಮರುಕಳಿಸದಂತೆ ಕೊಡುವ ಬೆಂಜಥೀನ್ ಪೆನಿಸಿಲಿನ್. ಮೈಕ್ರೊಬಯಾಲಜಿ, ಪೆಥಾಲಜಿ, ಫಿಸಿಯಾಲಜಿ, ಫಾರ್ಮಕಾಲಜಿ ಎಂದು ಬೇರೆ ಬೇರೆ ಪುಸ್ತಕಗಳಲ್ಲಿ ಚದುರಿದ್ದ ಸಂಗತಿಗಳು ಒಂದೇ ಕಥೆಯಾಗಿ ಕೂಡಿಕೊಂಡವು. ಆಮೇಲೆ ಪ್ರತಿಯೊಂದು ಮುಖ್ಯ ಕಾಯಿಲೆಗೂ ನಾನೇ ಪರೀಕ್ಷಿಸಿದ ಒಬ್ಬ ರೋಗಿ ಇರಬೇಕೆಂದು ನಿಶ್ಚಯಿಸಿಕೊಂಡೆ. ವಾರ್ಡಿನಲ್ಲಿ ಸಿಗದಿದ್ದರೆ ಓಪಿಡಿಯಲ್ಲಿ ಹುಡುಕುತ್ತಿದ್ದೆ.

ಕೇಸನ್ನು ಬಾಯಿಬಿಟ್ಟು ಒಪ್ಪಿಸುವುದು ಬೇರೆಯದೇ ಅಭ್ಯಾಸ. ಲೋಕಲ್ ಗಾಡಿಯಲ್ಲಿ ಜೊತೆಗಿರುತ್ತಿದ್ದ ಸಹಪಾಠಿಗೆ ದಿನದ ಕೇಸನ್ನು ವಿವರಿಸುತ್ತಿದ್ದೆ. ರೋಗನಿರ್ಣಯ ಹೇಳಿದೊಡನೆ ಅವನು, ಯಾವ ಆಧಾರದ ಮೇಲೆ, ಬೇರೆ ಕಾಯಿಲೆ ಏಕಲ್ಲ ಎಂದು ಕೇಳಬೇಕೆಂಬುದು ನಮ್ಮೊಳಗಿನ ಒಪ್ಪಂದ. ರೋಗಿಯೊಬ್ಬರನ್ನು ವಿವರವಾಗಿ ಪರೀಕ್ಷಿಸಿ ಒಪ್ಪಿಸಬೇಕಾದ ಲಾಂಗ್ ಕೇಸಿನಲ್ಲಿ ಪರೀಕ್ಷಕರು ಕೇಳುವುದೂ ಬಹುಮಟ್ಟಿಗೆ ಇಷ್ಟನ್ನೇ. ಥಿಯರಿಗೆ ನಾಶಿಕದ ಆರೋಗ್ಯ ವಿಶ್ವವಿದ್ಯಾಲಯದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬರೆದೆ. ಚಿಕ್ಕ ಪ್ರಶ್ನೆಗಳಿಗೆ ಸಮಯ ಉಳಿಸಿಕೊಳ್ಳುವುದು ಹಾಗೆ ಬರೆದಾಗಲೇ ರೂಢಿಯಾದದ್ದು.