ವಿಡಿಯೊಗೆ ಫಿಲ್ಮಿನ ಬಣ್ಣ: ಲಟ್ ಹಾಕುವ ಮುಂಚಿನ ಕೆಲಸ

ಮುಂಬೈಯ ನಮ್ಮವರ ಮದುವೆ, ಮುಂಜಿ, ಮಾಟುಂಗಾ-ಮಾಹಿಮ್ ಕಡೆಯ ಯಕ್ಷಗಾನ, ಯಾವ ವಿಡಿಯೊ ನೋಡಿದರೂ ಈಗ ಒಂದೇ ತೊಂದರೆ. ಫಿಲ್ಮಿನ ಬಣ್ಣ ಬೇಕೆಂದು ಸುಮ್ನೆ ಒಂದು ಲಟ್ (ಚಿತ್ರದ ಬಣ್ಣ ಬದಲಿಸುವ ರೆಡಿಮೇಡ್ ಫೈಲು) ಹಾಕಿಬಿಡುತ್ತಾರೆ. ಕೂದಲು, ಕೋಟು ಎಲ್ಲ ಒಂದೇ ಮಸಿಯಾಗುತ್ತದೆ, ವೇಷದ ಕೆಂಪು ಕಣ್ಣಿಗೆ ಹೊಡೆಯುತ್ತದೆ.

ಶೂಟಿಂಗ್‌ಗೆ ಇಷ್ಟು ಸಾಕು: ಸೆಕೆಂಡಿಗೆ 25 ಫ್ರೇಮ್, ಶಟರ್ 1/50, ಕ್ಯಾಮೆರಾದಲ್ಲಿ ಲಾಗ್ (ಬೆಳಕು-ನೆರಳಿನ ವಿವರ ಉಳಿಯಲೆಂದು ಮಂಕಾಗಿ ರೆಕಾರ್ಡ್ ಮಾಡುವ ವಿಧಾನ) ಇದ್ದರೆ ಲಾಗ್. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ 1/50 ಇಟ್ಟರೆ ಟ್ಯೂಬ್‌ಲೈಟಿನ ಮಿನುಗು ಬರುವುದಿಲ್ಲ.

ಎಡವುವುದು ಮುಂದಿನ ಹಂತದಲ್ಲಿ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲೇ ಕೊಡಾಕ್ 2383ರ ಲಟ್ ಇದೆ. 2383 ಅಂದರೆ ಥಿಯೇಟರಿಗೆ ಕಳಿಸುವ ಪ್ರಿಂಟಿನ ಫಿಲ್ಮು. ಮಂಕಾದ ನೆಗೆಟಿವಿಗೆ ಕಾಂಟ್ರಾಸ್ಟ್ ಕೊಡುವುದೇ ಅದರ ಕೆಲಸ, ಆದ್ದರಿಂದ ಈ ಲಟ್‌ಗೂ ನೆಗೆಟಿವ್ ಸ್ಕ್ಯಾನ್‌ನಂಥ ಮಂಕು ಚಿತ್ರವೇ ಬೇಕು, ಅದಕ್ಕೆ ಸಿನಿಯಾನ್ ಲಾಗ್ ಅನ್ನುತ್ತಾರೆ. ಮೊದಲೇ ಕಾಂಟ್ರಾಸ್ಟ್ ಇರುವ ಫೋನ್ ವಿಡಿಯೊ ಕೊಟ್ಟರೆ ಅದು ಎರಡು ಪಟ್ಟಾಗುತ್ತದೆ, ಅಲ್ವಾ?

ರಿಸಾಲ್ವ್‌ನಲ್ಲಿ ಮೂರು ನೋಡ್ (ಒಂದಾದ ಮೇಲೊಂದು ಬಣ್ಣ ತಿದ್ದುವ ಹಂತಗಳು) ಮಾಡಿ. ಮೊದಲನೆಯದರಲ್ಲಿ ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್, ಅಂದರೆ ಕ್ಯಾಮೆರಾದ ಬಣ್ಣವನ್ನು ಬೇರೆ ಮಾದರಿಗೆ ಬದಲಿಸುವ ಸಾಧನ. ಇನ್‌ಪುಟ್ ನಿಮ್ಮ ಕ್ಯಾಮೆರಾದ್ದು, ಸೋನಿಯಾದರೆ ಎಸ್-ಗ್ಯಾಮಟ್3.ಸಿನಿ ಮತ್ತು ಎಸ್-ಲಾಗ್3. ಔಟ್‌ಪುಟ್ ರೆಕ್.709 (ಮಾಮೂಲಿ ಟಿವಿಯ ಬಣ್ಣದ ಮಾನದಂಡ), ಗಾಮಾ ಸಿನಿಯಾನ್ ಫಿಲ್ಮ್ ಲಾಗ್. ಟೋನ್ ಮ್ಯಾಪಿಂಗ್ ತೆಗೆದುಬಿಡಿ. ಮೂರನೆಯದರಲ್ಲಿ ಲಟ್. ಲಾಗ್ ಇಲ್ಲದ ವಿಡಿಯೊ ಆದರೆ ಇನ್‌ಪುಟ್ ರೆಕ್.709, ಗಾಮಾ 2.4 ಕೊಡಿ. ಕೆಲಸ ನಡೆಯುತ್ತದೆ, ಆದರೆ ಬೆಳ್ಳಗೆ ಸುಟ್ಟುಹೋದ ಆಕಾಶ ವಾಪಸ್ ಬರುವುದಿಲ್ಲ.

ಈಗ ನಡುವಿನ ನೋಡ್‌ಗೆ ಬನ್ನಿ. ಲಟ್ ಆನ್ ಇರಲಿ, ಅದರ ಮೂಲಕ ನೋಡುತ್ತಲೇ ಇಲ್ಲಿ ತಿದ್ದಿ. ಬರೀ ಆಫ್‌ಸೆಟ್ ಚಕ್ರ ಮುಟ್ಟಿ. ಲಾಗ್‌ನಲ್ಲಿ ಅದು ಲ್ಯಾಬಿನವರು ಪ್ರಿಂಟ್ ತೆಗೆಯುವಾಗ ಕೆಂಪು, ಹಸಿರು, ನೀಲಿ ಬೆಳಕು ಹೆಚ್ಚುಕಮ್ಮಿ ಮಾಡುತ್ತಿದ್ದ ಹಾಗೇ ಕೆಲಸ ಮಾಡುತ್ತದೆ. ಮೊದಲು ಮುಖದ ಬೆಳಕು, ಆಮೇಲೆ ಬಣ್ಣ. ವೆಕ್ಟರ್‌ಸ್ಕೋಪಿನಲ್ಲಿ (ಬಣ್ಣ ತೋರಿಸುವ ದುಂಡಗಿನ ಗ್ರಾಫು) ಚರ್ಮದ ಗೆರೆಯ ಹತ್ತಿರ ಮುಖ ಬರಬೇಕು. ಗೋರೆಗಾಂವಿನ ಹಾಲಾಗಲಿ, ಜುಹುವಿನ ಸಂಜೆಯಾಗಲಿ, ಚರ್ಮ ಸರಿಯಾದರೆ ಮುಕ್ಕಾಲು ಕೆಲಸ ಆಯಿತು.

ಲುಕ್ ಜಾಸ್ತಿ ಆಯಿತೆಂದು ಲಟ್ ಇರುವ ನೋಡ್‌ನ ಕೀ ಔಟ್‌ಪುಟ್ (ನೋಡ್‌ನ ಪರಿಣಾಮ ಎಷ್ಟಿರಬೇಕೆಂಬ ಅಳತೆ) ಇಳಿಸಬೇಡಿ. ಒಳಗಿನ ಮಂಕು ಲಾಗ್ ಚಿತ್ರ ಬೆರೆತು ಎಲ್ಲ ಬೂದಿ ಬೂದಿಯಾಗುತ್ತದೆ. ನಡುವಿನ ನೋಡ್‌ನಲ್ಲೇ ಕಾಂಟ್ರಾಸ್ಟ್ ಸ್ವಲ್ಪ ಇಳಿಸಿ. 2383ರ ಲಟ್‌ನಲ್ಲಿ ಬಿಳಿ ಎಷ್ಟು ಹಳದಿಯಾಗಿರಬೇಕು ಅನ್ನುವ ಮೇಲೆ ಡಿ60, ಡಿ65 ಅಂತ ಬೇರೆ ಬೇರೆ ಇವೆ. ಡಿ65 ಮಾತ್ರ ಬಳಸಿ. ನಮ್ಮ ಮಂಟಪಗಳ ಬೆಳಕು ಮೊದಲೇ ಹಳದಿ, ಡಿ60 ಅದನ್ನು ಇನ್ನೂ ಹಳದಿ ಮಾಡುತ್ತದೆ.

ಆನ್‌ಲೈನ್‌ನಲ್ಲಿ ಮಾರುವ ಲಟ್ ಪ್ಯಾಕ್‌ಗಳಿಗೆ ದುಡ್ಡು ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿ: ಇದಕ್ಕೆ ಯಾವ ಲಾಗ್ ಕೊಡಬೇಕು? ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ಗ್ರೇನ್, ಅಂದರೆ ಫಿಲ್ಮಿನ ಸಣ್ಣ ಸಣ್ಣ ಕಾಳಿನಂಥ ಚುಕ್ಕಿ, ಕೊನೆಗೆ. ರಿಸಾಲ್ವ್‌ನ ಸ್ವಂತ ಗ್ರೇನ್ ಕಾಸು ಕೊಟ್ಟ ಆವೃತ್ತಿಯಲ್ಲಿ ಮಾತ್ರ ಇದೆ. ಉಚಿತದಲ್ಲಿ ಸ್ಕ್ಯಾನ್ ಮಾಡಿದ ಗ್ರೇನ್ ಕ್ಲಿಪ್ಪನ್ನು ಓವರ್‌ಲೇ ಮೋಡ್‌ನಲ್ಲಿ ಮೇಲಿಟ್ಟರೆ ಆಯಿತು. ಆಮೇಲೆ ಅದನ್ನು ವಾಟ್ಸಾಪಿನಲ್ಲಿ ವಿಡಿಯೊ ಆಗಿ ಕಳಿಸಬೇಡಿ, ಗ್ರೇನ್ ಎಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಪೆನ್‌ಡ್ರೈವ್‌ನಲ್ಲಿ ಕೊಡಿ.